ಆರನೇ ಕೋಣೆಯ ಹೆಂಡತಿ

ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷೆ ನಡೆಯುವಾಗ ಆರನೇ ಕೋಣೆಯಲ್ಲಿ ಕೂರುವ ಹೆಂಡತಿ ನಾನು. ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ವಿದ್ಯಾರ್ಥಿಗಳು ಬಂದು ನನ್ನ ಗಂಡ ಸತ್ತ ಸುದ್ದಿ ಹೇಳುತ್ತಾರೆ. ನಾನು ಅಳುತ್ತೇನೆ. ಗಂಟೆ ಹೊಡೆಯುತ್ತದೆ, ಅವರು ಏಳನೇ ಕೋಣೆಗೆ ಹೋಗುತ್ತಾರೆ, ನಾನು ಮೂಗು ಒರೆಸಿಕೊಂಡು ಮುಂದಿನವರಿಗೆ ಕಾಯುತ್ತೇನೆ. ಡಾಕ್ಟರಾಗುವವರು ಕೆಟ್ಟ ಸುದ್ದಿ ಹೇಳುವುದನ್ನೂ ಕಲಿಯಬೇಕಲ್ಲ! ನಿಜವಾದ ಹೆಂಡತಿಯರ ಮೇಲೆ ಕಲಿಯುವ ಬದಲು ನನ್ನ ಮೇಲೆ ಕಲಿಯಲಿ ಎಂದು ಕಾಲೇಜಿನವರ ಲೆಕ್ಕಾಚಾರ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಅಳೋ ಆಂಟಿ’ ಅನ್ನುತ್ತಾರೆ. ನನ್ನ ಕಿವಿ ಚುರುಕು ಅಂತ ಅವರಿಗೆ ಗೊತ್ತಿಲ್ಲ.

ಮೊದಲು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದವಳು ನಾನು. ಯಾವ ಊರು, ಎಷ್ಟು ಜನ, ಹೇಳಿ ಮುಗಿಸಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನು ಕಂಡರೆ ಅಂದಿನಿಂದಲೂ ಮೈ ಉರಿಯುತ್ತದೆ. ಈ ಮಕ್ಕಳೋ, “ನಮ್ಮ ಕೈಲಾದ್ದೆಲ್ಲ ಮಾಡಿದ್ವಿ”, “ಅವರು ಹೋಗ್ಬಿಟ್ರು” ಎಂದು ಸುತ್ತಿ ಬಳಸುತ್ತಾರೆ.

“ಹೋದ್ರಾ? ಚಪ್ಪಲಿ ಇಲ್ಲೇ ಇದೆಯಲ್ಲಪ್ಪಾ, ಎಲ್ಲಿಗೆ ಹೋದ್ರು?” ಎಂದು ಕೇಳಿದರೆ ಕಕ್ಕಾಬಿಕ್ಕಿಯಾಗುತ್ತಾರೆ.

ಮೂಲೆಯಲ್ಲಿ ಅಂಕ ಹಾಕುತ್ತ ಕೂರುವ ಪ್ರೊಫೆಸರ್ ಮೇಡಂ ಆಗ ತಲೆ ತಗ್ಗಿಸಿ ನಗು ನುಂಗುತ್ತಾರೆ. ‘ಸತ್ತಿದ್ದಾರೆ’ ಎಂಬ ಮಾತು ಬಾಯಿಂದ ಬರಲೇಬೇಕು, ಇಲ್ಲವಾದರೆ ಈ ಕೋಣೆಯಲ್ಲಿ ಪಾಸಿಲ್ಲ ಎಂಬುದು ಅವರ ನಿಯಮ.

ಮೇಡಂಗೆ ಗೊತ್ತಿಲ್ಲದ ಸಂಗತಿ ಒಂದಿದೆ. ವಿದ್ಯಾರ್ಥಿಗಳು ಒಳಗೆ ಬರುವ ಮುಂಚೆ ಓದಲಿ ಎಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಎದೆನೋವೆಂದು ಬಂದ ಗಂಡ, ಏನೂ ತಿಳಿಯದೆ ಹೊರಗೆ ಕಾದಿರುವ ಹೆಂಡತಿ. ಮೇಡಂ ಕೂತು ಕಟ್ಟಿದ ಆ ಕಥೆ ನನ್ನ ಬಾಳಿನಲ್ಲಿ ನಡೆದುಹೋಗಿತ್ತು, ಅದೂ ಇದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ. ಎಳೆಯ ಡಾಕ್ಟರೊಬ್ಬರು ಕೈಗವಸು ಕಳಚುತ್ತ, ನಡೆಯುತ್ತಲೇ ನನಗೆ ಹೇಳಿ, ಮುಂದಿನ ಸ್ಟ್ರೆಚರಿನ ಕಡೆಗೆ ಓಡಿದ್ದರು. ಪಾಪ, ಅವರ ಕೈತುಂಬ ಕೆಲಸ. ಆದರೆ ಅವರು ಹೇಳಿದ್ದು ನನಗೇ ಹೌದೋ ಅಲ್ಲವೋ ಎಂದು ಇವತ್ತಿಗೂ ಅನ್ನಿಸುತ್ತದೆ.

ಗೊತ್ತಾದರೆ ನನ್ನಕ್ಕ ಬೈಯುತ್ತಾಳೆ, ಗಾಯಕ್ಕೆ ಉಪ್ಪು ಸವರಿಕೊಳ್ಳೋ ಹುಚ್ಚು ಯಾಕೆ ಅಂತ. ನಾನು ಹೋಗುವುದು ಸುದ್ದಿ ಕೇಳುವುದಕ್ಕಲ್ಲ, ಸುದ್ದಿಗೆ ಮುಂಚಿನ ಒಂದೆರಡು ನಿಮಿಷಕ್ಕೆ. ವಿದ್ಯಾರ್ಥಿ ಬಾಗಿಲು ತೆರೆದು, ಕುರ್ಚಿ ಎಳೆದು, ನೀರು ಬೇಕಾ ಎಂದು ಕೇಳುವಷ್ಟು ಹೊತ್ತು ನನ್ನ ಗಂಡ ಪಕ್ಕದ ಕೋಣೆಯಲ್ಲಿ ಬದುಕಿರುತ್ತಾರೆ. ಅವರ ಗೊರಕೆ, ಅವರ ಹಟ, ಅವರಿಗೆ ಬೇಕಾದ ತಲೆದಿಂಬು, ಏನು ಬೇಕಾದರೂ ಮಾತಾಡಬಹುದು, ಯಾರೂ ಕನಿಕರದಿಂದ ನೋಡುವುದಿಲ್ಲ. ಅದು ನಟನೆಯಲ್ಲ. ಆಮೇಲಿನ ಅಳು ಮಾತ್ರ ನಟನೆ.

ಈ ಸಲ ದಿನದ ಕೊನೆಯವಳಾಗಿ ಬಂದದ್ದು ತರಗತಿಗೇ ಮೊದಲಿಗಳು. ಏನು ಕೇಳಿದರೂ ಉತ್ತರ ಸಿದ್ಧವಿರುತ್ತದೆಂದು ಗೆಳೆಯರು ಅವಳನ್ನು ‘ನಿಘಂಟು’ ಎಂದು ಕರೆಯುತ್ತಾರೆ. ಅಚ್ಚುಕಟ್ಟಾಗಿ ಕೂತಳು.

“ಅಮ್ಮಾ, ನಿಮ್ಮ ಜೊತೆ ಯಾರಾದ್ರೂ ಬಂದಿದ್ದಾರಾ?”

“ಯಾರೂ ಇಲ್ಲಮ್ಮ. ಅವರನ್ನ ಯಾವಾಗ ಕಳಿಸ್ತೀರಿ? ಸ್ಕೂಟರ್ ಹೊರಗೆ ನಿಲ್ಲಿಸಿದೀನಿ. ನಾನು ಓಡಿಸಿದ್ರೆ ಅವರು ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತಾರೆ. ದಾರಿಯುದ್ದಕ್ಕೂ ಬ್ರೇಕು, ಬ್ರೇಕು ಅಂತ ಒಂದೇ ವರಾತ.”

ಹುಡುಗಿ ನಕ್ಕಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂತಳು. “ಅವರು...” ಎಂದಳು. ಮತ್ತೆ “ಅವರು...” ಎಂದಳು. ಗಂಟೆ ಹೊಡೆಯಿತು. ಎದ್ದು ಹೊರಟೇಬಿಟ್ಟಳು.

ಮೇಡಂ ನಿಟ್ಟುಸಿರು ಬಿಟ್ಟು ಸೊನ್ನೆ ಹಾಕಿದರು. ನಾನು ಚೀಲ ಎತ್ತಿಕೊಂಡು ಮನೆಗೆ ನಡೆದೆ. ಅರ್ಧ ದಾರಿಗೆ ಬಂದಾಗ ಹೊಳೆಯಿತು: ಇವತ್ತಿನ ಕೊನೆಯ ಸುದ್ದಿ ನನಗೆ ಯಾರೂ ಹೇಳಿಲ್ಲ. ನನ್ನ ಗಂಡನನ್ನು ಪಕ್ಕದ ಕೋಣೆಯಲ್ಲಿ ಹಾಗೇ ಬಿಟ್ಟು ಬಂದಿದ್ದೇನೆ.

ಹೇಳಿದರೆ ನಗಬೇಡಿ. ಆ ಸಂಜೆ ನಾನು ಇಬ್ಬರಿಗೆ ಅಡುಗೆ ಮಾಡಿದೆ. ಗೇಟಿನ ಚಿಲಕ ಸದ್ದಾದಾಗಲೆಲ್ಲ ಕಿಟಕಿಯಿಂದ ಇಣುಕಿದೆ. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದರೆ ಕಾಲು ತೊಳೆಯುತ್ತಿದ್ದಾರೆ ಅನ್ನಿಸಿತು. ಅವರ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿಟ್ಟೆ. ಊಟ ತಣ್ಣಗಾಗುತ್ತ ಬಂದಂತೆ ನನಗೆ ಸಿಟ್ಟು ಬಂತು. ಬದುಕಿರುವ ಮನುಷ್ಯ ಹೊತ್ತಿಗೆ ಸರಿಯಾಗಿ ಮನೆಗೆ ಬರಬೇಡವೇ? ಗಟ್ಟಿಯಾಗಿಯೇ ಬೈದೆ. ನನ್ನ ದನಿಗೆ ನಾನೇ ಬೆಚ್ಚಿ ಎಲ್ಲ ದೀಪ ಹಾಕಿದೆ. ಹೆದರಿಕೆಯಾಗಿದ್ದು ನಿಜ. ಆದರೆ ಆ ಹೆದರಿಕೆ ಹೋಗುವುದೂ ನನಗೆ ಬೇಕಿರಲಿಲ್ಲ.

ಮರುದಿನ ಮೇಡಂ ಕರೆದರು. ತಪ್ಪಿದವರಿಗೆಲ್ಲ ಇನ್ನೊಂದು ಅವಕಾಶ, ಇದರಲ್ಲೂ ತಪ್ಪಿದರೆ ಆರು ತಿಂಗಳು ಹೋಯಿತು. ಮೆಟ್ಟಿಲ ಹತ್ತಿರ ನಿಘಂಟು ನನಗೇ ಕಾದಿದ್ದಳು.

“ಆಂಟಿ, ನಿನ್ನೆ ನೀವು ಆ್ಯಕ್ಟ್ ಮಾಡ್ತಿರ್ಲಿಲ್ಲ, ಅಲ್ವಾ?”

“ಪರೀಕ್ಷೆ ನಿಂದು, ನಂದಲ್ಲ. ಹೋಗಿ ಓದ್ಕೋ,” ಎಂದು ಗದರಿದೆ.

ಕೋಣೆಯಲ್ಲಿ ಕೂತಾಗ ಒಂದೇ ಹಟ: ಇವಳ ಬಾಯಿಂದ ಆ ಮಾತು ಬರಬಾರದು. ಅವಳ ಆರು ತಿಂಗಳು ಹಾಳಾದರೆ ಆಗಲಿ. ಅವಳು ಒಳಗೆ ಬಂದದ್ದೇ ತಡ, ಶುರುಮಾಡಿದೆ. ಅವರ ಶರ್ಟು ತಂದಿದ್ದೇನೆ, ಕಾಲರು ಸವೆದಿದೆ, ಹೊಸದು ಕೊಡಿಸಿದರೆ ಹಾಕುವುದಿಲ್ಲ, ಹೇಳಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡಲಿಲ್ಲ. ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

ಹುಡುಗಿ ಅಡ್ಡ ಬಾಯಿ ಹಾಕಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು. ನನ್ನ ಮಾತು ಒಂದು ಕಡೆ ತಡವರಿಸಿತು.

“ಅಮ್ಮಾ,” ಎಂದಳು. “ನಿಮ್ಮ ಯಜಮಾನರು ಸತ್ತಿದ್ದಾರೆ.”

ಅಳಬೇಕಾದ ಜಾಗ ಅದು. ಅಳು ಬರಲಿಲ್ಲ. ಚೀಟಿಯಲ್ಲಿಲ್ಲದ, ಇಷ್ಟು ವರ್ಷ ಯಾರನ್ನೂ ಕೇಳದ ಮಾತೊಂದು ಹೊರಗೆ ಬಂತು.

“ಕೊನೆ ಗಳಿಗೇಲಿ ಅವರು ನನ್ನನ್ನ ಕೇಳಿದ್ರಾ?”

ಹೌದು ಅಂದುಬಿಡು ಮಗಳೇ ಎಂದು ಒಳಗೊಳಗೇ ಬೇಡಿಕೊಂಡೆ. ಸುಳ್ಳಾದರೂ ಸರಿ. ಅವಳು ಮೇಡಂ ಕಡೆ ತಿರುಗಿಯೂ ನೋಡಲಿಲ್ಲ.

“ಗೊತ್ತಿಲ್ಲ ಅಮ್ಮಾ. ನಾನು ಆಗ ಅಲ್ಲಿರ್ಲಿಲ್ಲ. ಏನು ಹೇಳಿದ್ರೂ ಅದು ನಾನು ಕಟ್ಟಿ ಹೇಳಿದ್ದಾಗುತ್ತೆ.”

ಗಂಟೆ ಹೊಡೆಯಿತು. ಹೊರಗೆ ಬಾಗಿಲುಗಳು ತೆರೆದವು, ಕಾಲುಗಳು ಓಡಾಡಿದವು. ಅವಳು ಏಳಲಿಲ್ಲ. ನನಗೆ ಅಳು ಬಂತು. ಸೆರಗಿಲ್ಲ, ಕರವಸ್ತ್ರವಿಲ್ಲ, ಮೂಗು ಬಾಯಿ ಒಂದಾಗುವ ಹಾಗೆ, ಯಾರೂ ಅಂಕ ಹಾಕಲಾಗದಂಥ ಕೆಟ್ಟ ಅಳು. ಅದು ಒಂದು ಹಂತಕ್ಕೆ ಬರುವವರೆಗೂ ಅವಳು ಕೂತೇ ಇದ್ದಳು. ಮೇಡಂ ಕೂಡ ಏಳು ಎನ್ನಲಿಲ್ಲ.

ಅವಳು ಹೋದ ಮೇಲೆ ಮೇಡಂ ನನ್ನ ಪಕ್ಕ ಬಂದು ನಿಂತರು.

“ಇನ್ನೊಬ್ಬ ಇದ್ದಾನೆ,” ಎಂದರು ಮೆಲ್ಲಗೆ. “ಹೊರಗೆ ಚೀಟಿ ಓದ್ತಾ ನಿಂತಿದ್ದಾನೆ. ಕರೀಲಾ?”

“ಬೇಡ ಮೇಡಂ,” ಎಂದೆ. “ನನಗೆ ಆಗ್ಲೇ ಹೇಳಿ ಆಯ್ತು ಅಂತ ಹೇಳಿ ಅವನಿಗೆ.”