ಡೆಲ್ಮರನ ಕಿವಿ

ಗಂಡ ಡೆಲ್ಮರ್ ಸತ್ತ ಮೇಲೂ ಲವಾನ್ ಟ್ಯಾಕೆಟ್ ಶನಿವಾರದ ಪದ್ಧತಿ ಬಿಡಲಿಲ್ಲ. ಬೆಳಿಗ್ಗೆ ಆರೂವರೆಗೆ ಗ್ಯಾರೇಜಿನ ಬಾಗಿಲು ಎತ್ತಿ, ಅವನು ಕಟ್ಟಿದ ಫೋರ್ಡನ್ನು ಹೊರಗೆ ತೆಗೆಯುತ್ತಿದ್ದಳು. ಅಕ್ಕಪಕ್ಕದವರ ನಿದ್ದೆ ಕೆಡದ ಹಾಗೆ ತನ್ನೂರು ಆಯಿಲ್‌ಡೇಲಿನ ಬೀದಿಗಳಲ್ಲಿ ಮೆಲ್ಲಗೆ ಓಡಿಸಿಕೊಂಡು, ನದಿ ದಾಟಿ, ಬೇಕರ್ಸ್‌ಫೀಲ್ಡಿನ ಚಾಂತಿಯ ಡೋನಟ್ ಅಂಗಡಿಯ ಮುಂದಿನ ಬಯಲಿಗೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಅಲ್ಲಿ ಇಪ್ಪತ್ತು ಹಾಟ್ ರಾಡ್‌ಗಳು ಬಾನೆಟ್ ಎತ್ತಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ಕಾರಿನ ಮೈಯೆಲ್ಲ ಅಜ್ಜನ ಕಾಲದ್ದು, ಒಳಗಿನ ಕಸುವು ಮಾತ್ರ ಹುಚ್ಚು ಕುದುರೆಯದ್ದು. ಯಜಮಾನರೆಲ್ಲ ಅರವತ್ತು ದಾಟಿದವರು, ಕೈಯಲ್ಲಿ ಕಾಗದದ ಲೋಟದ ಕಾಫಿ.

ಲವಾನಳ ಫೋರ್ಡ್ ಬಂತೆಂದರೆ ಎಲ್ಲರೂ ಅದರ ಸುತ್ತ ಸೇರುವರು. ಅದು ಮೂವತ್ತೆರಡನೇ ಇಸವಿಯದು. ಆರ್ವಿನ್ ಕಡೆಯ ಆಲೂಗಡ್ಡೆ ಹೊಲವೊಂದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಬರೀ ತಗಡಿನ ಗೂಡಾಗಿದ್ದುದನ್ನು ಡೆಲ್ಮರ್ ಮನೆಗೆ ಎಳೆದು ತಂದಿದ್ದ. ಹನ್ನೊಂದು ವರ್ಷ ಅದಕ್ಕೆ ಮೈಬಗ್ಗಿಸಿ ದುಡಿದಿದ್ದ. ಮೇಲ್ಛಾವಣಿಯನ್ನು ನಾಲ್ಕು ಬೆರಳಷ್ಟು ಕತ್ತರಿಸಿ ತಗ್ಗಿಸಿದ್ದ, ಎಂಜಿನ್ನಿಗೆ ಜೋಡಿ ಕಾರ್ಬ್ಯುರೇಟರ್ ಕೂರಿಸಿದ್ದ, ಮೈಗೆ ಹಣ್ಣಾದ ನೇರಳೆಯ ಬಣ್ಣ ಬಳಿದಿದ್ದ. ಗೆಳೆಯರು ಕಾರಿನ ಮುಂದೆ ನಿಂತು ಡೆಲ್ಮರನ ಮಾತಾಡುವರು. ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಅವನ ಕಿವಿಯ ಹತ್ತಿರವೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಸಿಲಿಂಡರಿಗೆ ಏನಾಗಿದೆಯೆಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದನಲ್ಲ, ಅಂಥ ಕಿವಿ ಈ ಜಿಲ್ಲೆಯಲ್ಲಿ ಇನ್ನು ಹುಟ್ಟುವುದಿಲ್ಲ ಎಂದು ತಲೆಯಾಡಿಸುವರು.

ಲವಾನ್ ಮಡಿಚುವ ಕುರ್ಚಿ ಬಿಡಿಸಿ ಕಾರಿನ ಪಕ್ಕದಲ್ಲಿ ಕೂತಿರುತ್ತಿದ್ದಳು. ಎಲ್ಲರೂ ಅವಳ ಕ್ಷೇಮ ಕೇಳುವರು, ಅವಳ ಉತ್ತರ ಮುಗಿಯುವ ಮೊದಲೇ ಕಣ್ಣು ಕಾರಿನ ಕಡೆ ಹೊರಳುವುದು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳಿಗೆ ಗಲಾಟೆಯ ನಡುವೆ ಒಬ್ಬಳೇ ಕೂರುವುದು ಹೊಸದಲ್ಲ. ಆದರೂ ಮನೆಗೆ ಹೋಗಿ ಇಗ್ನಿಷನ್ ಆರಿಸಿದಾಗ, ಬೆಳಗಿನಿಂದ ತಾನು ಎಷ್ಟು ಮಾತಾಡಿದೆನೆಂದು ಲೆಕ್ಕ ಹಾಕಿದರೆ ಹತ್ತು ಮಾತು ದಾಟುತ್ತಿರಲಿಲ್ಲ.

ಆ ಕಿವಿಯ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಮೊದಲು ಡೆಲ್ಮರನಿಗೆ ಅಂಥ ಕಿವಿ ನಿಜವಾಗಿಯೂ ಇತ್ತು, ಸುಳ್ಳಲ್ಲ. ಆದರೆ ಎಣ್ಣೆ ಬಾವಿಗಳ ಪಂಪುಗಳ ನಡುವೆ ದುಡಿದೂ ದುಡಿದೂ, ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಸಣ್ಣ ಸದ್ದುಗಳೆಲ್ಲ ಅವನಿಂದ ದೂರವಾಗಿದ್ದವು. ಡಾಕ್ಟರು ಪರೀಕ್ಷೆ ಮಾಡಿ ಹೇಳಿದ ದಿನ ಅವನು ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತವನು ಊಟ ಮುಟ್ಟಲಿಲ್ಲ.

"ಯಾರಿಗೂ ಹೇಳ್ಬೇಡ ಲವಾನ್," ಅಂದಿದ್ದ. "ಈ ಊರಲ್ಲಿ ನಂಗೆ ಅಂತ ಇರೋದು ಅದೊಂದೇ ಹೆಸರು."

ಅಲ್ಲಿಂದ ಮುಂದೆ ಕೇಳಿಸಿಕೊಂಡವಳು ಅವಳು. ಅವಳಿಗೆ ಕೇಳುವುದು ಬರುತ್ತಿತ್ತು. ಬಸ್ಸಿನ ಹಿಂದಿನ ಚಕ್ರದ ಬೇರಿಂಗ್ ಸವೆಯುತ್ತಿರುವುದನ್ನು ಐವತ್ತು ಮಕ್ಕಳ ಕಿರುಚಾಟದಲ್ಲೂ ಹಿಡಿದವಳು. ಯಾರದಾದರೂ ಎಂಜಿನ್ ನೋಡಲು ಡೆಲ್ಮರ್ ಬಗ್ಗಿದರೆ ಅವಳು ಕಾಫಿ ಲೋಟ ಹಿಡಿದು ಎದುರಿಗೆ ನಿಲ್ಲುವಳು. ಎಡಗೈಯಲ್ಲಿ ಲೋಟ ಹಿಡಿದರೆ ಎಂಜಿನ್ನಿನ ಎಡಸಾಲಿನ ನಾಲ್ಕು ಸಿಲಿಂಡರು, ಬಲಗೈಯಾದರೆ ಬಲಸಾಲಿನ ನಾಲ್ಕು. ಲೋಟದ ಮೇಲೆ ಎಷ್ಟು ಬೆರಳು ಕಾಣುತ್ತದೋ ಅಷ್ಟನೆಯ ಸಿಲಿಂಡರ್. ಮೂವತ್ತು ವರ್ಷ ಹೀಗೆ ನಡೆಯಿತು. ತಮಾಷೆಯೆಂದರೆ, ಅವಳ ಸ್ವಂತದ ಕಂದು ಕೊರೊಲಾ ಕಾರನ್ನು ಡೆಲ್ಮರ್ ಒಂದು ದಿನವೂ ಮುಟ್ಟಲಿಲ್ಲ. "ಅದೇನು ಕಾರಾ? ಬಟ್ಟೆ ಒಗೆಯೋ ಮಿಶಿನ್ನು," ಎಂದು ಆಡಿಕೊಳ್ಳುತ್ತಿದ್ದ. ಅದಕ್ಕೆ ಎಣ್ಣೆ ಬದಲಿಸುವುದು, ಬ್ರೇಕು ಹಾಕುವುದು ಎಲ್ಲ ಅವಳದೇ. ಮೂರು ಲಕ್ಷ ಎಂಬತ್ತು ಸಾವಿರ ಮೈಲಿ ಓಡಿದ್ದರೂ ಅದು ಅವಳನ್ನು ಒಮ್ಮೆಯೂ ದಾರಿಯಲ್ಲಿ ನಿಲ್ಲಿಸಿರಲಿಲ್ಲ.

ಆಗಸ್ಟಿನ ಒಂದು ಶನಿವಾರ, ಡೆಲ್ಮರನ ಜೀವದ ಗೆಳೆಯ ಆರ್ಲೋ ಪಿಕೆಟ್ ತಂದ ಕಾರಿನ ಎಂಜಿನ್ನಿನ ಸದ್ದು ನಿಂತಲ್ಲೇ ಏರಿಳಿಯತೊಡಗಿತು. ಎಂಟು ಜನ ಬಗ್ಗಿ ನೋಡಿ ಎಂಟು ಮಾತು ಹೇಳಿದರು. ಒಬ್ಬ ಪೆಟ್ರೋಲಿನಲ್ಲಿ ಕಸವಿದೆ ಅಂದ, ಇನ್ನೊಬ್ಬ ಸ್ಪಾರ್ಕ್ ಪ್ಲಗ್ ಬಿಚ್ಚತೊಡಗಿದ. ಇಪ್ಪತ್ತು ಅಡಿ ದೂರದಲ್ಲಿ ಕೂತಿದ್ದ ಲವಾನಳಿಗೆ ಆ ಸದ್ದಿನ ಅಡಿಯಲ್ಲಿ ಹಾವು ಬುಸುಗುಟ್ಟಿದ ಹಾಗೆ ಸಣ್ಣದೊಂದು ಗಾಳಿ ಕೇಳುತ್ತಿತ್ತು. ತಡೆದು ನೋಡಿದಳು, ಆಗಲಿಲ್ಲ. ಎದ್ದು ಹೋಗಿ, ಬಲಗಡೆಯ ಕಾರ್ಬ್ಯುರೇಟರಿನ ಬುಡದಲ್ಲಿ ಗ್ಯಾಸ್ಕೆಟ್ ಹರಿದು ಗಾಳಿ ಒಳಗೆ ಎಳೆಯುತ್ತಿದೆ, ಅಲ್ಲಿ ಎರಡು ಹನಿ ಎಣ್ಣೆ ಬಿಟ್ಟು ನೋಡಿ ಎಂದಳು. ಬಿಟ್ಟರು. ಎಂಜಿನ್ ತಟ್ಟನೆ ಒಂದೇ ಲಯಕ್ಕೆ ಬಂತು.

ಆರ್ಲೋ ನಕ್ಕು ಅವಳ ಭುಜ ತಟ್ಟಿದ.

"ನೋಡ್ರಪ್ಪ, ಡೆಲ್ಮರ್ ಹೆಂಡ್ತೀಗೂ ಕಲಿಸಿಬಿಟ್ಟಿದ್ದಾನೆ."

ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಡೆಲ್ಮರ್ ಹೋದ ಎರಡು ವರ್ಷದಲ್ಲಿ ಅಷ್ಟು ಜನ ಒಟ್ಟಿಗೆ ಅವಳ ಮುಖ ನೋಡಿದ್ದು ಅದೇ ಮೊದಲು.

"ಹೂಂ," ಅಂದಳು ಲವಾನ್. "ಅವನೇ ಕಲಿಸಿದ್ದು."

ಅವರಿಗೆ ಸಮಾಧಾನವಾಯಿತು, ಮತ್ತೆ ಎಂಜಿನ್ನಿನ ಕಡೆ ತಿರುಗಿದರು. ಅವಳು ಕುರ್ಚಿ ಮಡಿಚಿಕೊಂಡು ಮನೆಗೆ ಹೋದಳು.

ಮುಂದಿನ ಮೂರು ಶನಿವಾರ ಅವಳು ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಫೋನು ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ. ನಾಲ್ಕನೆಯ ವಾರ ಆರ್ಲೋ ಒಂದು ಚೀಲ ಪೀಚ್ ಹಣ್ಣು ಹಿಡಿದು ಬಂದ. ಜಗುಲಿಯಲ್ಲಿ ಕೂತು, ಸೆಖೆಯ ಮಾತಾಡಿ, ಮಂಡಿನೋವಿನ ಮಾತಾಡಿ, ಕೊನೆಗೆ ಬಂದ ವಿಷಯ ಬಾಯಿಬಿಟ್ಟ. ಕಾರು ಮಾರುವ ಯೋಚನೆಯಿದ್ದರೆ ತನಗೇ ಕೊಡಬೇಕು, ಡೆಲ್ಮರನ ಹೆಸರು ಕೆಡದ ಹಾಗೆ ನೋಡಿಕೊಳ್ಳುತ್ತೇನೆ ಎಂದ. ಆ ಹೆಸರೆನ್ನುವ ಮಾತು ಕೇಳಿದ್ದೇ ಲವಾನಳೊಳಗೆ ಮೂವತ್ತು ವರ್ಷ ಕಟ್ಟಿಟ್ಟಿದ್ದು ತುಳುಕಿತು.

"ಆರ್ಲೋ, ಎಪ್ಪತ್ತೆಂಟರಿಂದ ಅವನಿಗೆ ಸರಿಯಾಗಿ ಕಿವಿ ಕೇಳ್ತಿರ್ಲಿಲ್ಲ."

ಆರ್ಲೋ ನಕ್ಕ. "ತಮಾಷೆ ಮಾಡ್ಬೇಡ ಮಾರಾಯ್ತಿ. ನನ್ನ ಎಂಜಿನ್ನಿಗೆ ಅವನೇ ಕಿವಿಯಿಟ್ಟು ಹೇಳಿದ್ದಾನೆ. ಒಂದ್ಸಲ ಅಲ್ಲ, ಐವತ್ತು ಸಲ."

"ಐವತ್ತು ಸಲಾನೂ ನಾನು ಎದುರಿಗೆ ಇರ್ತಿದ್ದೆ ಅಲ್ವಾ?"

"ನೀನು ಕಾಫಿ ಹಿಡ್ಕೊಂಡು ನಿಂತಿರ್ತಿದ್ದೆ."

"ಲೋಟದ ಮೇಲೆ ಎಷ್ಟು ಬೆರಳಿತ್ತು ಅಂತ ನೀನು ನೋಡಿಲ್ಲ. ಅವನು ನೋಡ್ತಿದ್ದ."

ಆರ್ಲೋನ ನಗು ಮುಖದ ಮೇಲೆಯೇ ಒಣಗಿತು. ಏನನ್ನೋ ನೆನಪು ಮಾಡಿಕೊಳ್ಳುತ್ತಿರುವವನಂತೆ ಅಂಗಳದ ಕಡೆ ನೋಡಿದ. ಆ ನೆನಪು ಅವನಿಗೆ ಸಿಕ್ಕಿತೆಂದು ಲವಾನಳಿಗೆ ಗೊತ್ತಾಯಿತು. ಆದರೆ ಅವನು ಅದನ್ನು ಬೇಡವೆಂದು ತಳ್ಳಿಬಿಟ್ಟ.

"ಸತ್ತವನು ಎದ್ದು ಬಂದು ಇಲ್ಲ ಅನ್ನೋಕಾಗಲ್ಲ, ಲವಾನ್," ಎಂದು ಎದ್ದು ನಿಂತ. "ಅಂಥವನ ಮೇಲೆ ಹೀಗೆಲ್ಲ ಹೇಳ್ಬಾರ್ದು."

ಅವನು ಹೋದ ಮೇಲೆ ಕತ್ತಲಾಗುವ ತನಕ ಅವಳು ಜಗುಲಿಯಲ್ಲೇ ಇದ್ದಳು. ಗಂಡನಿಗೆ ಕೊಟ್ಟ ಮಾತೂ ಉಳಿಯಲಿಲ್ಲ, ಇದ್ದ ಒಬ್ಬ ಗೆಳೆಯನೂ ಉಳಿಯಲಿಲ್ಲ.

ಆದರೂ ಮುಂದಿನ ಶನಿವಾರ ಹೋದಳು, ಈ ಸಲ ಕೊರೊಲಾದಲ್ಲಿ. ಹಳೇ ಕಾರುಗಳ ಸಾಲಿಗೆ ಅದು ಸಲ್ಲುವುದಿಲ್ಲವಾದ್ದರಿಂದ ಅಂಗಡಿಯ ಹಿಂದೆ, ಕಸದ ತೊಟ್ಟಿಯ ಪಕ್ಕ ನಿಲ್ಲಿಸಿದಳು. ಗೆಳೆಯರು ದೂರದಿಂದ ಕೈಯೆತ್ತಿದರು. ಅವರ ಮುಖದಲ್ಲಿ ಬೇರೆ ಏನೂ ಇರಲಿಲ್ಲ. ಆರ್ಲೋ ಯಾರಿಗೂ ಹೇಳಿರಲಿಲ್ಲ. ಆದರೆ ನೇರಳೆ ಫೋರ್ಡ್ ಇಲ್ಲದ ಮೇಲೆ ಅವಳ ಹತ್ತಿರ ಬರಲು ಯಾರಿಗೂ ಕಾರಣವಿರಲಿಲ್ಲ.

ಹಿಂಬಾಗಿಲಿನಿಂದ ಚಾಂತಿ ಖಾಲಿ ಡಬ್ಬಗಳನ್ನು ಹಾಕಲು ಬಂದವಳು ಕಾರನ್ನು ನೋಡಿದಳು. ಕಾಂಬೋಡಿಯಾದಿಂದ ಬಂದು ಈ ಅಂಗಡಿ ಇಟ್ಟು ಹದಿನೈದು ವರ್ಷವಾಗಿತ್ತು. ತನಗಿಂತ ದೊಡ್ಡವರನ್ನೆಲ್ಲ ಅಕ್ಕ ಎನ್ನುವುದು ಅವಳ ರೂಢಿ.

"ಅಕ್ಕ, ನಂದೂ ಇದೇ ಕಾರು. ಆದ್ರೆ ದಿನಾ ಬೆಳಿಗ್ಗೆ ಕಿರುಚುತ್ತೆ. ಬೆಲ್ಟ್ ಬದಲಾಯಿಸಿದೆ, ಆದ್ರೂ ಕಿರುಚುತ್ತೆ."

ಲವಾನ್ ಪಕ್ಕದಲ್ಲೇ ನಿಂತಿದ್ದ ಚಾಂತಿಯ ಕಾರನ್ನು ಸ್ಟಾರ್ಟ್ ಮಾಡಿಸಿ, ಬಾನೆಟ್ ಎತ್ತಿ, ಕಣ್ಣು ಮುಚ್ಚಿ ನಿಂತಳು. ಬೆಲ್ಟಿನದಲ್ಲ, ನೀರಿನ ಪಂಪಿನ ಬೇರಿಂಗ್ ಹೋಗಿದೆ, ಈ ತಿಂಗಳೊಳಗೆ ಬದಲಿಸದಿದ್ದರೆ ದಾರಿಯಲ್ಲಿ ಕೈಕೊಡುತ್ತದೆ ಎಂದಳು. ಭಾನುವಾರ ಬಿಡುವಾದರೆ ತಾನೇ ಹಾಕಿಕೊಡುತ್ತೇನೆಂದೂ ಹೇಳಿದಳು.

"ಯಾರು ಕಲಿಸಿದ್ರು ಅಕ್ಕ?"

"ಯಾರೂ ಇಲ್ಲ. ನಂಗೆ ಕೇಳುತ್ತೆ."

ಚಾಂತಿ ಸರಿ ಎಂದು ತಲೆಯಾಡಿಸಿ, ಭಾನುವಾರ ಮಧ್ಯಾಹ್ನ ಬಾ, ಊಟಾನೂ ಇಲ್ಲೇ ಮಾಡು ಎಂದು ಒಲೆಯ ಕಡೆ ಓಡಿದಳು. ನಂಗೆ ಕೇಳುತ್ತೆ ಎನ್ನುವ ಮಾತು ತನ್ನ ಬಾಯಿಂದ ಅಷ್ಟು ಸುಲಭವಾಗಿ ಹೊರಗೆ ಬಂದದ್ದಕ್ಕೆ ಲವಾನಳಿಗೆ ಆಶ್ಚರ್ಯವಾಯಿತು. ಆದರೆ ಎದೆ ಹಗುರವಾಗಲಿಲ್ಲ. ಚಾಂತಿಗೆ ಅದು ಬರೀ ನೀರಿನ ಪಂಪಿನ ಮಾತು. ಅವಳ ಕಿವಿಯ ಬೆಲೆ ಬಲ್ಲವನು ಡೆಲ್ಮರ್ ಒಬ್ಬನೇ ಇದ್ದ, ಅವನು ಎಷ್ಟೋ ಸಲ ರಾತ್ರಿ ಹಾಸಿಗೆಯಲ್ಲಿ ಅವಳ ಕಿವಿಯ ಹಾಲೆಯನ್ನು ಹೆಬ್ಬೆರಳಿನಿಂದ ನೇವರಿಸಿ, ಮಾತಾಡದೆ ಮಲಗಿಬಿಡುತ್ತಿದ್ದ.

ಅಕ್ಟೋಬರಿನಲ್ಲಿ ಆರ್ಲೋನ ಎಂಜಿನ್ ಮತ್ತೆ ಕೆಟ್ಟಿತು. ಬಯಲಿನ ಆಚೆ ತುದಿಯಿಂದಲೇ ಲವಾನಳಿಗೆ ತಿಳಿಯಿತು, ಎಡಸಾಲಿನ ಎರಡನೆಯದರಲ್ಲಿ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ತಲೆಯೆತ್ತಿದಾಗ ಆರ್ಲೋ ಅವಳನ್ನೇ ನೋಡುತ್ತಿದ್ದ. ಅವನು ಕೇಳಲಿ ಎಂದು ಅವಳು ಕಾದಳು. ಅವನು ಬಾನೆಟ್ ಮುಚ್ಚಿ, ಕುಂಟುವ ಎಂಜಿನ್ನಿನಲ್ಲೇ ಮನೆಗೆ ಹೊರಟುಹೋದ.

ಫೋರ್ಡನ್ನು ಅವಳು ಮಾರಲಿಲ್ಲ. ಈಗ ಬುಧವಾರಗಳಲ್ಲಿ, ಜನ ಕೆಲಸಕ್ಕೆ ಹೋದ ಮೇಲೆ, ಅದನ್ನು ಗ್ರಾನೈಟ್ ರಸ್ತೆಯಲ್ಲಿ ಗುಡ್ಡಗಳ ಕಡೆ ಓಡಿಸುತ್ತಾಳೆ. ಹುಲ್ಲು ಒಣಗಿ ಬೆಳ್ಳಗಾದ ಇಳಿಜಾರು, ಬೇಲಿಯಾಚೆ ದನ, ಬೇರೆ ವಾಹನವಿಲ್ಲ. ಕಿಟಕಿ ಇಳಿಸಿ, ಎರಡೂ ಕಾರ್ಬ್ಯುರೇಟರ್ ಒಂದೇ ಉಸಿರಿನಲ್ಲಿ ಎಳೆಯುವುದನ್ನು ಕೇಳುತ್ತ ಏರು ಹತ್ತುತ್ತಾಳೆ. ಒಮ್ಮೊಮ್ಮೆ ತನಗೇ ಗೊತ್ತಿಲ್ಲದೆ, ಸ್ಟೀರಿಂಗಿನ ಮೇಲೆ ಬಲಗೈಯ ಮೂರು ಬೆರಳು ಬಿಡಿಸಿ, "ಬಲಗಡೆ ಮೂರನೇದು, ಸ್ವಲ್ಪ ಬಿಸಿ," ಎಂದು ಪಕ್ಕದ ಸೀಟಿಗೆ ಹೇಳುತ್ತಾಳೆ.