ಮೊಸಳೆ ತೋಡಿದ ಗುಂಡಿ

ಸಿಡ್ನಿಯಲ್ಲಿ ಮಳೆ ಮುನಿಸಿಕೊಂಡು ವರ್ಷಗಳೇ ಆಗಿದ್ದವು. ಗಿಡಕ್ಕೆ ಪೈಪಿನಲ್ಲಿ ನೀರು ಬಿಡುವುದಕ್ಕೂ ಸರ್ಕಾರದ ನಿರ್ಬಂಧ. ಅಹಲ್ಯಾ ಕೆಲಸಕ್ಕಿದ್ದ, ಊರಾಚೆಯ ಪುಟ್ಟ ಪ್ರಾಣಿಧಾಮದ ಕೊಳವೂ ಬತ್ತಿ ಬಿರುಕು ಬಿಟ್ಟಿತ್ತು. ಅಲ್ಲಿದ್ದ ಅಮೆರಿಕದ ಮೊಸಳೆ, ಒಂದು ಮುದಿ ಅಲಿಗೇಟರ್, ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಮೂತಿಯಿಂದ ಕೆಸರು ತಳ್ಳಿ, ಬಾಲದಿಂದ ಬಡಿದು ತನಗೊಂದು ಗುಂಡಿ ತೋಡಿಕೊಂಡಿತು. ಅದರಲ್ಲಿ ಒರತೆಯ ನೀರು ನಿಂತಿತು. ಅಳಿದುಳಿದ ಮೀನು, ಆಮೆ, ಕಪ್ಪೆಗಳೆಲ್ಲ ಅಲ್ಲಿಗೇ ಬಂದು ಸೇರಿದವು. ಅವುಗಳ ಬೆನ್ನಿಗೆ ಬೆಳ್ಳಕ್ಕಿಗಳು ಬಂದವು. ಆಗಾಗ ಅವುಗಳಲ್ಲಿ ಒಂದೆರಡು ಆ ಮೊಸಳೆಯ ಹೊಟ್ಟೆ ಸೇರುತ್ತಿದ್ದರೂ ಉಳಿದವು ಜಾಗ ಬಿಟ್ಟು ಕದಲಲಿಲ್ಲ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದ ಅಹಲ್ಯಾಗೆ ಇದು ಪುಸ್ತಕದಲ್ಲಿ ಓದಿ ಗೊತ್ತಿದ್ದ ಸಂಗತಿಯೇ. ಗಂಡ ಯತೀಶ್ ಮೆಲ್ಬರ್ನ್‌ನಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದ. ಸಿಡ್ನಿಯ ವೆಸ್ಟ್‌ಮೀಡ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಅವಳೊಬ್ಬಳೇ. ಮಧ್ಯಾಹ್ನ ಗುಂಡಿಯ ಬೇಲಿಯ ಪಕ್ಕ ಊಟದ ಡಬ್ಬಿ ಬಿಚ್ಚಿದರೆ ನಾಲ್ಕು ಜನರ ಜೊತೆ ಎಲೆ ಮುಂದೆ ಕೂತಂತೆ ಅನಿಸುತ್ತಿತ್ತು. ಇಡೀ ದಿನದಲ್ಲಿ ಅವಳಿಗಿದ್ದ ಜೊತೆ ಅದೊಂದೇ.

ಒಂದು ಶುಕ್ರವಾರ ಮಾಲೀಕ ಕೀತ್ ಬಂದು, ಆ ಕೊಚ್ಚೆ ಮುಚ್ಚಿಸಿ ಸಿಮೆಂಟಿನ ತೊಟ್ಟಿ ಕಟ್ಟಿಸುತ್ತೇನೆ, ಮೊಸಳೆ ಜನಕ್ಕೆ ಚೆನ್ನಾಗಿ ಕಾಣುತ್ತದೆ, ಏನಂತೀಯ ಎಂದು ಕೇಳಿದ. ತಲೆ ನರೆತ ಯಜಮಾನನಿಗೆ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರು ಕಲಿಸಿದ್ದಾರೆ? "ಯೆಸ್, ಕೀತ್" ಎಂದಳು. ಮೊದಲು ಹೂಂ ಅನ್ನುವುದು, ಆಮೇಲೆ ಬೇರೆಯವರ ಕೈಯಲ್ಲಿ ನಯವಾಗಿ ಹೇಳಿಸುವುದು. ಅವಳ ತವರಿನಲ್ಲಿ ಎಲ್ಲ ಕೆಲಸ ಸಾಗುತ್ತಿದ್ದದ್ದೇ ಹಾಗೆ. ಕೀತ್‌ನ ಹೆಂಡತಿಯ ಕಿವಿಗೆ ಹಾಕಿದರಾಯಿತು ಎಂದುಕೊಂಡಳು. ಪಾಪ, ಆ ದೇಶದಲ್ಲಿ ಯೆಸ್ ಎಂದರೆ ಅಲ್ಲಿಗೆ ಮುಗಿಯಿತು.

ಸೋಮವಾರ ಅವಳು ಬರುವಷ್ಟರಲ್ಲಿ ಗುಂಡಿಗೆ ಮಣ್ಣು ತುಂಬಿ ಸಮ ಮಾಡಿದ್ದರು. ಮೊಸಳೆಯನ್ನು ಶೆಡ್ಡಿಗೆ ಸಾಗಿಸಿದ್ದರು. ಬೆಳ್ಳಕ್ಕಿ ಒಂದೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ಕಂಡು ಕೀತ್‌ಗೆ ದಿಕ್ಕೇ ತೋಚಲಿಲ್ಲ.

"ನೀನೇ ಯೆಸ್ ಅಂದೆಯಲ್ಲ?" ಎಂದ.

ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ದಿನ ಊಟ ಸೇರಲಿಲ್ಲ.

ಸಂಜೆ ಯತೀಶನ ಫೋನ್ ಬಂತು.

"ಅಹಲ್ಯಾ, ಇಲ್ಲಿ ಕಾಂಟ್ರಾಕ್ಟ್ ಇನ್ನೂ ಎರಡು ವರ್ಷ ಎಕ್ಸ್‌ಟೆಂಡ್ ಮಾಡ್ತಾರಂತೆ. ನಿಂಗೆ ಓಕೆ ತಾನೆ?"

ಹೂಂ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಇಲ್ಲ ರೀ, ಓಕೆ ಅಲ್ಲ. ನಂಗೆ ಇಲ್ಲಿ ಒಬ್ಳೇ ಇರಕ್ಕಾಗ್ತಿಲ್ಲ."



"ಅಯ್ಯೋ," ಎಂದ ಯತೀಶ, "ನೀನು ಯಾವತ್ತೂ ಬೇಡ ಅಂದಿದ್ದೇ ಇಲ್ವಲ್ಲ ಅಂತ... ಬೆಳಿಗ್ಗೇನೇ ಸೈನ್ ಮಾಡ್ಬಿಟ್ಟೆ ಕಣೇ."