ಫರ್ಸಿಯ ನಿಷಾದ

ಸಂಗೀತ ಕಲಿಸುವ ಪುಕ್ಕಟೆ ಪಾಠಗಳು ಶಾಲೆಯ ವಾಟ್ಸಾಪ್ ಗುಂಪಿಗೆ ಬಂದಾಗ ಅವನ್ನು ಕೊನೆಯ ಪುಟದವರೆಗೆ ಓದಿದವರು ಸುಲೇಪೇಟದ ಭಾಗ್ಯಜ್ಯೋತಿ ಟೀಚರ್ ಒಬ್ಬರೇ. ಹಾರ್ಮೋನಿಯಂ ಇಲ್ಲದಿದ್ದರೆ ಚಿಂತೆಯಿಲ್ಲ, ನಿಮ್ಮೂರಲ್ಲಿ ಸಿಗುವ ವಸ್ತುಗಳಲ್ಲೇ ಏಳು ಸ್ವರ ಹುಡುಕಿ ಎಂದಿತ್ತು ಅಲ್ಲಿ. ಊರಲ್ಲಿ ಸಿಗುವುದೆಂದರೆ ಶಹಾಬಾದಿನ ಫರ್ಸಿ ಕಲ್ಲು. ನೆಲಕ್ಕೂ ಅದೇ, ಕಟ್ಟೆಗೂ ಅದೇ, ಬಟ್ಟೆ ಒಗೆಯಲಿಕ್ಕೂ ಅದೇ.

ಶನಿವಾರ ಚಿಂಚೋಳಿಯಿಂದ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು. ಮಕ್ಕಳು ಒಂದಾದರೂ ಹಾಡು ನುಡಿಸಿ ತೋರಿಸದಿದ್ದರೆ ವಾರಕ್ಕಿದ್ದ ಒಂದೇ ಸಂಗೀತದ ಪಿರಿಯಡ್ಡು ಗಣಿತದ ಪಾಲು.

ಮಕ್ಕಳು ಸುತ್ತಿಗೆ ಹಿಡಿದು ಶಾಲೆಯನ್ನೆಲ್ಲ ಬಡಿದರು. ಷಡ್ಜ ಮೆಟ್ಟಿಲಲ್ಲಿತ್ತು, ರಿಷಭ ನಳದ ಬುಡದಲ್ಲಿ. ಪಂಚಮ ಸಿಕ್ಕಿದ್ದು ಹೆಡ್‌ಮಾಸ್ತರ ದೇವಿಂದ್ರಪ್ಪನವರ ಕುರ್ಚಿಯ ಕೆಳಗೆ. ಆ ಕಲ್ಲು ಎಬ್ಬಿಸಿದ ಮೇಲೆ ಅವರು ಬೇವಿನ ಗಿಡದ ಕೆಳಗೆ ಕುಳಿತು ಸಹಿ ಹಾಕತೊಡಗಿದರು, ಇಷ್ಟು ವರ್ಷ ತಾವು ಪಂಚಮದ ಮೇಲೆ ಕೂತಿದ್ದಾಗಿ ಬಂದವರಿಗೆಲ್ಲ ಹೇಳುತ್ತ.

ಆರು ಸ್ವರ ಸಿಕ್ಕವು. ಏಳನೆಯದಾದ ನಿಷಾದ ಮಾತ್ರ ಎಲ್ಲೂ ಇಲ್ಲ. ಶುಕ್ರವಾರ ಮನೆಗೆ ಹೊರಟ ಭಾಗ್ಯಜ್ಯೋತಿಯವರಿಗೆ ಅದು, ರೊಟ್ಟಿ ಮಾರುವ ಲಾಲಮ್ಮನ ಮನೆಯೊಳಗಿಂದ ಕೇಳಿಸಿತು. ಅವಳು ಫರ್ಸಿಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ತೆಳ್ಳಗಾದ ಮೇಲಿನ ಕೊನೆಯ ಏಟಿಗೆ ಕಲ್ಲು ಶುದ್ಧವಾಗಿ ನುಡಿಯುತ್ತಿತ್ತು.

"ಒಂದ್ ದಿನದ ಮಟ್ಟಿಗಿ ಈ ಕಲ್ಲು ಕೊಡ್ರಿ ಅಕ್ಕಾ."

"ಬಡದು ನೋಡ್ರಿ ಮೊದಲ."

ಟೀಚರ್ ಅಂಗೈಯಿಂದ ಬಡಿದರು, ಸುತ್ತಿಗೆಯಿಂದ ಬಡಿದರು. ಕಲ್ಲು ಮುನಿಸಿಕೊಂಡಂತೆ ಗೊಟ್ ಎಂದಿತು.

"ಹಿಟ್ಟು ಬೇಕು, ನನ್ನ ಕೈ ಬೇಕು ಟೀಚರಮ್ಮ. ಕಲ್ಲು ಒಂದೇ ಒಯ್ದು ಏನ್ ಮಾಡ್ತೀರಿ?" ಎಂದಳು ಲಾಲಮ್ಮ.

ಹೀಗಾಗಿ ಶನಿವಾರ ಆರು ಮಕ್ಕಳ ಪಕ್ಕದಲ್ಲಿ ಒಲೆ, ಹಂಚು, ಹಿಟ್ಟಿನ ಬುಟ್ಟಿ ಸಮೇತ ಲಾಲಮ್ಮನೂ ಕುಳಿತಳು. ಹಾಡಿನಲ್ಲಿ ಹತ್ತೊಂಬತ್ತು ನಿಷಾದಗಳಿದ್ದವು. ಪ್ರತಿ ನಿಷಾದದ ಬಳಿ ಹಾಡು ನಿಲ್ಲುತ್ತಿತ್ತು, ಮಕ್ಕಳು ಎತ್ತಿದ ಸುತ್ತಿಗೆ ಎತ್ತಿದಂತೆ ಹಿಡಿದು ಕಾಯುತ್ತಿದ್ದರು, ರೊಟ್ಟಿ ತೆಳ್ಳಗಾಗಿ ಕಲ್ಲು ನುಡಿದ ಮೇಲೆ ಮುಂದಿನ ಸ್ವರ. ಸಾಹೇಬರು ಮೊದಲು ಗಡಿಯಾರ ನೋಡಿದರು. ಮೂರನೆಯ ನಿಷಾದ ಹಂಚಿನಿಂದಿಳಿದು ಶೇಂಗಾ ಹಿಂಡಿ ಚಟ್ನಿಯ ಜೊತೆ ಅವರ ಕೈಗೆ ಬಂತು. ಅಲ್ಲಿಂದ ಅವರು ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದರು. ಎರಡು ನಿಮಿಷದ ಹಾಡು ಒಂದು ತಾಸು ನಡೆಯಿತು. ಗಣಿತದ ಮಾಸ್ತರರು ಬಾಗಿಲಲ್ಲಿ ನಿಂತು ತಮ್ಮ ಪಾಲಿನ ಸ್ವರಕ್ಕೆ ಕೈಯೊಡ್ಡಿದ್ದರು.

"ಮುಗೀತೇನ್ರಿ?" ಎಂದರು ಸಾಹೇಬರು.

"ಮುಗೀತ್ರಿ ಸರ," ಎಂದರು ಭಾಗ್ಯಜ್ಯೋತಿ.

"ಭಾಳ ಸಣ್ಣದಾತು."

ಕೈ ತೊಳೆದುಕೊಂಡು ಬಂದು ಅವರು ತಪಾಸಣೆ ಪುಸ್ತಕದಲ್ಲಿ ಬರೆದರು: ಸಂಗೀತದ ಪಿರಿಯಡ್ಡನ್ನು ಮುಂದುವರಿಸತಕ್ಕದ್ದು. ವಾರಕ್ಕೆ ಎರಡಾದರೂ ಇರಲಿ. ಹಾಡಿನಲ್ಲಿ ನಿಷಾದದ ಕೊರತೆ ಕಂಡುಬಂದಿದ್ದು, ಕೂಡಲೇ ಸರಿಪಡಿಸತಕ್ಕದ್ದು.

ಭಾಗ್ಯಜ್ಯೋತಿ ಅದನ್ನು ಎರಡು ಸಲ ಓದಿದರು. ಸೋಮವಾರಕ್ಕೆ ಎಷ್ಟು ಸೇರು ಹಿಟ್ಟು ಬೀಸಿಸಲಿ ಎಂದು ಲಾಲಮ್ಮ ಕೇಳುತ್ತಿದ್ದಳು.